ಕೂತರೆ ಹೋಗುವ ಎದೆನೋವು

ಎದೆ ಹಿಡಿದುಕೊಂಡಂತಾಯಿತು ಎಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಇರಬೇಕು ಬಿಡು’ ಎಂಬುದು. ಒಂದು ಲೋಟ ಜೀರಿಗೆ ಕಷಾಯ, ಇಲ್ಲವೇ ಚಿಟಿಕೆ ಓಂಕಾಳಿಗೆ ಉಪ್ಪು ಸೇರಿಸಿ ಅಗಿಯುವುದು, ಅದೂ ಇಲ್ಲದಿದ್ದರೆ ಅಂಗಡಿಯಿಂದ ತರಿಸಿದ ಸೋಡಾ. ಅಷ್ಟರಲ್ಲಿ ಐದು ನಿಮಿಷ ಕಳೆದಿರುತ್ತದೆ, ನೋವೂ ಹೋಗಿರುತ್ತದೆ. ‘ನೋಡಿದ್ಯಾ, ನಾನು ಹೇಳ್ಲಿಲ್ವಾ, ಗ್ಯಾಸೇ’ ಎಂದು ಹೇಳಿದವರಿಗೂ ಸಮಾಧಾನ, ನೋವು ತಿಂದವಳಿಗೂ ಸಮಾಧಾನ. ಅವಳು ಎದ್ದು ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ.

ಆದರೆ ನೋವು ಹೋದದ್ದು ಕಷಾಯದಿಂದಲೋ, ಕಷಾಯ ಕುಡಿಯಲೆಂದು ಐದು ನಿಮಿಷ ಕೂತದ್ದರಿಂದಲೋ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಕೇಳಿಕೊಳ್ಳಬೇಕು ಎಂಬುದಕ್ಕಾಗಿಯೇ ಈ ಲೇಖನ.

ನಾನು ವೈದ್ಯಳಲ್ಲ. ಹೈಸ್ಕೂಲಿನವರೆಗೆ ಓದಿ, ನ್ಯಾಮತಿಯಲ್ಲಿ ಸಂಸಾರ ಮಾಡಿಕೊಂಡಿರುವ ಗೃಹಿಣಿ. ಡಾಕ್ಟರುಗಳಿಂದ ಕೇಳಿ ತಿಳಿದದ್ದು, ಓದಿ ತಿಳಿದದ್ದು, ನಮ್ಮ ಹತ್ತಿರದವರಲ್ಲಿ ಕಣ್ಣಾರೆ ಕಂಡದ್ದು, ಇವಿಷ್ಟನ್ನೂ ನಮ್ಮ ಅಡುಗೆಮನೆಯ ಮಾತಿನಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೃದಯಶೂಲೆ ಎಂದರೇನು?

ಕೆಲಸ ಮಾಡುವಾಗ ಬಂದು, ಕೂತರೆ ಹೋಗುವ ಎದೆನೋವಿಗೆ ವೈದ್ಯರು ‘ಆಂಜೈನಾ’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೃದಯಶೂಲೆ ಎನ್ನಬಹುದು. ತಿಂಗಳುಗಟ್ಟಲೆ ಒಂದೇ ರೀತಿಯಲ್ಲಿ ಬಂದು ಹೋಗುತ್ತಿದ್ದರೆ, ಅಂದರೆ ಇಷ್ಟು ಕೆಲಸಕ್ಕೆ ಬರುತ್ತದೆ, ಇಷ್ಟು ಹೊತ್ತಿಗೆ ಹೋಗುತ್ತದೆ ಎಂದು ಮೊದಲೇ ಹೇಳುವಂತಿದ್ದರೆ, ಅದು ಸ್ಥಿರವಾದ ಹೃದಯಶೂಲೆ.

ಹೃದಯ ಹಗಲೂ ರಾತ್ರಿ ಊರಿಗೆಲ್ಲ ನೀರು ಎತ್ತುವ ಪಂಪಿನಂತೆ ದೇಹಕ್ಕೆಲ್ಲ ರಕ್ತ ಹರಿಸುತ್ತದೆ. ಆದರೆ ಆ ಪಂಪಿಗೂ ರಕ್ತ ಬೇಕಲ್ಲವೇ? ಅದನ್ನು ಕೊಡುವುದಕ್ಕೆ ಹೃದಯದ ಮೇಲೆಯೇ ಬಳ್ಳಿಯಂತೆ ಹಬ್ಬಿದ ರಕ್ತನಾಳಗಳಿವೆ. ವಯಸ್ಸಾದಂತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆಸೊಪ್ಪು ಇವೆಲ್ಲ ಸೇರಿಕೊಂಡಂತೆ, ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಭದ್ರಾ ನಾಲೆಯ ಉದಾಹರಣೆ ಕೊಟ್ಟರೆ ಸುಲಭವಾಗಿ ಅರ್ಥವಾಗುತ್ತದೆ. ನಾಲೆಯಲ್ಲಿ ಹೂಳು ತುಂಬಿದ್ದರೂ ಮಳೆಗಾಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಆಗ ಯಾರಿಗೂ ಹೆಚ್ಚು ನೀರು ಬೇಕಿಲ್ಲ. ಬೇಸಿಗೆಯಲ್ಲಿ ಎಲ್ಲರ ಗದ್ದೆಗೂ ಒಟ್ಟಿಗೆ ನೀರು ಬೇಕಾದಾಗ ಕೊನೆಯ ಭಾಗದ ರೈತ ಗೋಳಿಡುತ್ತಾನೆ. ಹೃದಯವೂ ಹಾಗೆಯೇ. ಕೂತಿದ್ದಾಗ ಇರುವಷ್ಟು ರಕ್ತ ಸಾಕು. ನೀರಿನ ಕೊಡ ಹೊತ್ತು ದಿಬ್ಬ ಹತ್ತಿದಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಕೊಡಲಾರದು. ಆಗ ಹೃದಯದ ಮಾಂಸ ಹಾಕುವ ಕೂಗೇ ಈ ನೋವು. ಕೂತೊಡನೆ ಬೇಡಿಕೆ ತಗ್ಗುತ್ತದೆ, ನೋವೂ ತಗ್ಗುತ್ತದೆ. ಆದ್ದರಿಂದ ‘ಕೂತರೆ ಹೋಯಿತು’ ಎಂಬುದು ಸಮಾಧಾನಪಡುವ ಮಾತಲ್ಲ, ಅದೇ ಈ ಕಾಯಿಲೆಯ ಗುರುತು.

ಇನ್ನೂರೈವತ್ತು ವರ್ಷದ ಹಿಂದಿನ ಮಾತು

ಈ ನೋವಿಗೆ ಹೆಸರಿಟ್ಟವರು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯರು. 1768ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದರು; 1772ರಲ್ಲಿ ಅದು ಅಚ್ಚಾಯಿತು. ಆಗ ಈಸಿಜಿ ಇರಲಿಲ್ಲ, ಎಕ್ಸರೇ ಇರಲಿಲ್ಲ. ರೋಗಿಗಳು ಹೇಳಿದ್ದನ್ನು ಕಿವಿಗೊಟ್ಟು ಕೇಳಿಯೇ ಅವರು ಕಂಡುಹಿಡಿದರು: ಈ ನೋವು ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಊಟವಾದ ಕೂಡಲೇ ನಡೆದರೆ ಇನ್ನೂ ಹೆಚ್ಚು, ನಿಂತ ಕೂಡಲೇ ಮಾಯವಾಗುತ್ತದೆ. ಇಂದಿಗೂ ದೊಡ್ಡ ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ಮೊದಲು ಕೇಳುವುದು ಇದನ್ನೇ.

ಅವರು ತಾವು ನೋಡಿದ ಸುಮಾರು ನೂರು ರೋಗಿಗಳ ಲೆಕ್ಕವನ್ನೂ ಬರೆದಿಟ್ಟರು. ಅದರಲ್ಲಿ ಹೆಂಗಸರು ಮೂವರೇ. ಒಬ್ಬ ಹುಡುಗನನ್ನು ಬಿಟ್ಟರೆ ಉಳಿದವರೆಲ್ಲ ಐವತ್ತರ ಆಸುಪಾಸಿನ ಗಂಡಸರು. ಅಂದಿನಿಂದಲೂ ಇದು ಗಂಡಸರ ಕಾಯಿಲೆ ಎಂಬ ಭಾವನೆ ಬೇರೂರಿಬಿಟ್ಟಿದೆ. ಗಂಡಸಿಗೆ ಎದೆನೋವು ಬಂದರೆ ಕಾರು ಹೂಡಿ ಶಿವಮೊಗ್ಗಕ್ಕೆ ಓಡುವ ಮನೆಯಲ್ಲೇ, ಹೆಂಗಸಿಗೆ ಬಂದರೆ ಕಷಾಯ ಕಾಯುತ್ತದೆ. ಮುಟ್ಟು ನಿಲ್ಲುವವರೆಗೆ ಹೆಣ್ಣಿನ ದೇಹದ ಹಾರ್ಮೋನುಗಳು ಹೃದಯಕ್ಕೆ ಸ್ವಲ್ಪ ಕಾವಲು ಕೊಡುತ್ತವೆ ಎಂಬುದು ನಿಜ. ಆದರೆ ಮುಟ್ಟು ನಿಂತ ಮೇಲೆ ಆ ಕಾವಲು ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವಳಿಗಂತೂ ಅದಕ್ಕೂ ಮೊದಲೇ ಸಡಿಲ.

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಎದೆನೋವು ಹೃದಯದ್ದೋ ಅಲ್ಲವೋ ಎಂದು ಅಳೆಯಲು ವೈದ್ಯರು ಬಹು ಕಾಲದಿಂದ ಮೂರು ಪ್ರಶ್ನೆ ಕೇಳುತ್ತಾರೆ. ನಾವೂ ಇವನ್ನು ಬಾಯಿಪಾಠ ಮಾಡಿಕೊಳ್ಳಬಹುದು.

ಒಂದು: ನೋವು ಎಲ್ಲಿ, ಹೇಗೆ? ಹೃದಯದ ನೋವು ಸಾಮಾನ್ಯವಾಗಿ ಎದೆಯ ನಡುವೆ, ಎದೆಮೂಳೆಯ ಹಿಂದೆ. ಬೆರಳು ಇಟ್ಟು ‘ಇಲ್ಲೇ’ ಎಂದು ತೋರಿಸಲಾಗುವುದಿಲ್ಲ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ಮೇಲಿಟ್ಟು ತೋರಿಸುತ್ತಾರೆ. ಬಹಳ ಮಂದಿ ಅದನ್ನು ನೋವು ಎನ್ನುವುದೇ ಇಲ್ಲ. ‘ಕಲ್ಲು ಇಟ್ಟಂಗೆ ಭಾರ’, ‘ಹಿಂಡಿದಂಗೆ’, ‘ಬಿಗಿದು ಕಟ್ಟಿದಂಗೆ’, ‘ಉರಿ’ ಎನ್ನುತ್ತಾರೆ. ಅಲ್ಲಿಂದ ಎಡಗೈಗೆ, ಕೆಲವೊಮ್ಮೆ ಎರಡೂ ಕೈಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಇಲ್ಲವೇ ಎದೆಗುಂಡಿಗೆ ಹರಿಯಬಹುದು. ಆದ್ದರಿಂದ ಡಾಕ್ಟರು ‘ನೋವಿದೆಯೇ’ ಎಂದರೆ ‘ಇಲ್ಲ’ ಎಂದು ಸುಮ್ಮನಾಗಬೇಡಿ. ಭಾರ, ಬಿಗಿ, ಉರಿ ಏನಿದ್ದರೂ ಅದನ್ನೇ ಹೇಳಿ.

ಎರಡು: ಯಾವಾಗ ಬರುತ್ತದೆ? ದೇಹಕ್ಕೆ ಶ್ರಮವಾದಾಗ, ಇಲ್ಲವೇ ಮನಸ್ಸಿಗೆ ಸಿಟ್ಟು, ಗಾಬರಿ, ದುಃಖವಾದಾಗ. ಹೊಟ್ಟೆ ತುಂಬ ಊಟ ಮಾಡಿ ಕೂಡಲೇ ನಡೆದಾಗ, ಬೆಳಗಿನ ಚಳಿಯಲ್ಲಿ ಅಂಗಳ ಗುಡಿಸುವಾಗ, ತಣ್ಣನೆಯ ಗಾಳಿಗೆ ಎದುರಾಗಿ ನಡೆದಾಗ ಇನ್ನೂ ಬೇಗ ಬರುತ್ತದೆ.

ಮೂರು: ಹೇಗೆ ಹೋಗುತ್ತದೆ? ಕೆಲಸ ನಿಲ್ಲಿಸಿ ಕೂತರೆ ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಐದು ನಿಮಿಷದ ಒಳಗೆ ಇಳಿಯುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟರೂ ಅಷ್ಟೇ ಹೊತ್ತಿನಲ್ಲಿ ಇಳಿಯುತ್ತದೆ.

ಮೂರಕ್ಕೂ ಹೌದು ಎಂದರೆ ಅದು ಹೃದಯಶೂಲೆಯ ನೇರ ರೂಪ. ಎರಡಕ್ಕೆ ಹೌದು ಎಂದರೆ ಹೃದಯದ್ದಿರಬಹುದು, ನೋಡಿಸಲೇಬೇಕು. ಒಂದಕ್ಕೆ ಮಾತ್ರ ಹೌದು, ಅಥವಾ ಒಂದಕ್ಕೂ ಇಲ್ಲ ಎಂದರೆ ಬೇರೆ ಕಾರಣವಿರುವ ಸಂಭವ ಹೆಚ್ಚು. ಹಾಗೆಂದು ನಾವೇ ತೀರ್ಪು ಕೊಟ್ಟುಕೊಳ್ಳಬಾರದು. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂದೆ ತಾಯಿಗೆ ಇದ್ದ ಹೃದಯದ ತೊಂದರೆ ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕುವವರು ಡಾಕ್ಟರು.

ಹೆಂಗಸರಲ್ಲಿ ಬೇರೆ ವೇಷ

ಹೆಂಗಸರಲ್ಲೂ ಎದೆಯ ಭಾರವೇ ಮುಖ್ಯ ಗುರುತು. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಬೇರೆ ತೊಂದರೆಗಳು ಮುಂದೆ ಬಂದು ನಿಲ್ಲುತ್ತವೆ: ಸ್ವಲ್ಪ ಕೆಲಸಕ್ಕೇ ಏದುಸಿರು, ಹೊಟ್ಟೆ ತೊಳಸುವುದು, ಬೆನ್ನಿನ ಮೇಲ್ಭಾಗದಲ್ಲಿ ನೋವು, ದವಡೆ ಹಿಡಿದಂತಾಗುವುದು, ತಣ್ಣನೆ ಬೆವರು, ಹಿಂದೆಂದೂ ಇಲ್ಲದ ಸುಸ್ತು. ಹಲ್ಲುನೋವು ಎಂದು ಹಲ್ಲಿನ ಡಾಕ್ಟರ ಬಳಿ ಹೋಗುವವರೂ ಇದ್ದಾರೆ. ಆ ಹಲ್ಲುನೋವು ದಿಬ್ಬ ಹತ್ತುವಾಗ ಮಾತ್ರ ಬರುತ್ತಿದ್ದರೆ ಯೋಚಿಸಬೇಕಾದ್ದು ಹಲ್ಲನ್ನಲ್ಲ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ನರಗಳು ಮಂಕಾಗಿ, ನೋವೇ ತಿಳಿಯದೆ ಬರೀ ಏದುಸಿರಾಗಿ ಕಾಣಿಸಿಕೊಳ್ಳಬಹುದು.

ಇಂಥವನ್ನು ಮೊದಲು ‘ಸಾಮಾನ್ಯವಲ್ಲದ ಎದೆನೋವು’ ಎಂದು ಬೇರೆ ಪಟ್ಟಿಗೆ ಹಾಕುತ್ತಿದ್ದರು. ಆ ಹೆಸರಿನಿಂದಲೇ ಎಷ್ಟೋ ರೋಗಿಗಳನ್ನು, ಅದರಲ್ಲೂ ಹೆಂಗಸರನ್ನು, ಹಗುರವಾಗಿ ಕಂಡು ಮನೆಗೆ ಕಳಿಸಿದಂತಾಗುತ್ತದೆ ಎಂದು 2021ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಆ ಮಾತನ್ನು ಬಿಡುವಂತೆ ಸಲಹೆ ಮಾಡಿದವು. ಹೃದಯದ್ದು, ಹೃದಯದ್ದಿರಬಹುದಾದದ್ದು, ಹೃದಯದ್ದಲ್ಲದ್ದು ಎಂದಷ್ಟೇ ವಿಂಗಡಿಸಿ ಎಂದವು.

ಇನ್ನೊಂದು ವಿಷಯ. ಕೆಲವು ಹೆಂಗಸರಲ್ಲಿ ದೊಡ್ಡ ರಕ್ತನಾಳಗಳು ಚೆನ್ನಾಗಿಯೇ ಇರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಲ್ಲಿ ತೊಂದರೆ ಇರುತ್ತದೆ. ಆಂಜಿಯೋಗ್ರಾಂ ಮಾಡಿ ‘ಬ್ಲಾಕ್ ಇಲ್ಲ’ ಎಂದರೂ ನೋವು ನಿಜವೇ. ‘ಎಲ್ಲ ಮನಸ್ಸಿನ ಭ್ರಮೆ’ ಎಂದು ಮನೆಯವರು ಮೂಗು ಮುರಿಯುವ ಮೊದಲು ಡಾಕ್ಟರನ್ನು ಇನ್ನೊಮ್ಮೆ ಕೇಳಬೇಕು; ಅದಕ್ಕೂ ಔಷಧವಿದೆ. ರಕ್ತಹೀನತೆ ಇದ್ದರೂ ಹೃದಯದ ಕೆಲಸ ಹೆಚ್ಚಾಗಿ ನೋವು ಬೇಗ ಬರುತ್ತದೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವವರು ಇದನ್ನು ತಪ್ಪದೆ ಹೇಳಬೇಕು.

ಎಲ್ಲ ಎದೆನೋವೂ ಹೃದಯದ್ದಲ್ಲ

ಅತ್ತ ಉದಾಸೀನವೂ ಬೇಡ, ಇತ್ತ ಅತಿ ಹೆದರಿಕೆಯೂ ಬೇಡ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡಿಗೆ ನಾಡೇ ಕಣ್ಣೀರಿಟ್ಟಿತು. ಅದರ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. 2025ರ ಜೂನ್–ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿದಾಗಲೂ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಹಾಗೆಯೇ ಸಾಲು ನಿಂತಿತ್ತು. ಹೆದರಿದ ಜನರ ಸಾಲಿನಲ್ಲಿ ನಿಜವಾದ ರೋಗಿ ಹಿಂದೆ ಬೀಳಬಾರದಲ್ಲವೇ? ಅದಕ್ಕೇ ವಿಂಗಡಿಸುವುದನ್ನು ನಾವೂ ಸ್ವಲ್ಪ ಕಲಿತಿರಬೇಕು.

ಸೂಜಿ ಚುಚ್ಚಿದಂತೆ ಒಂದು ಕ್ಷಣ ಬಂದು ಹೋಗುವ ನೋವು, ಒಂದು ಬೆರಳಿನಷ್ಟೇ ಜಾಗದಲ್ಲಿ ಒತ್ತಿದರೆ ಹೆಚ್ಚಾಗುವ ನೋವು, ಉಸಿರೆಳೆದಾಗ, ಕೆಮ್ಮಿದಾಗ ಅಥವಾ ಮಗ್ಗುಲು ಬದಲಿಸಿದಾಗ ಮಾತ್ರ ಬರುವ ನೋವು, ಇವು ಬಹುಮಟ್ಟಿಗೆ ಪಕ್ಕೆಲುಬು, ಸ್ನಾಯು, ಇಲ್ಲವೇ ಶ್ವಾಸಕೋಶದ ಕಡೆಯವು. ದಿನವಿಡೀ ಅಡಿಕೆ ಸುಲಿದ ಮರುದಿನ ಬರುವ ಎದೆ–ಭುಜದ ನೋವು ಸಾಮಾನ್ಯವಾಗಿ ಈ ಜಾತಿಯದು. ಉಂಡು ಮಲಗಿದರೆ ಏಳುವ ಎದೆಯುರಿ, ಬಾಯಿಗೆ ಬರುವ ಹುಳಿನೀರು ಹೊಟ್ಟೆಯ ಆಮ್ಲದವು.

ಆದರೆ ಒಂದು ಎಚ್ಚರಿಕೆ. ತೇಗು ಬಂದು ಹಗುರವಾಯಿತು ಎಂಬುದು ಹೃದಯದ್ದಲ್ಲ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಹೃದಯದ ನೋವಿನಲ್ಲೂ ತೇಗು ಬರುತ್ತದೆ, ಹೊಟ್ಟೆ ಉಬ್ಬರಿಸಿದಂತೆ ಆಗುತ್ತದೆ. ಗ್ಯಾಸ್ ಎಂಬುದಕ್ಕೆ ಏರಿನ ದಾರಿ, ಸಮದಾರಿ ಎಂಬ ಭೇದವಿಲ್ಲ. ನಡೆದಾಗಲೇ ಬಂದು ನಿಂತಾಗಲೇ ಹೋಗುವ ‘ಗ್ಯಾಸ್’ ಇದ್ದರೆ ಅದನ್ನು ಗ್ಯಾಸ್ ಎಂದು ನಂಬಬೇಡಿ.

ನೋವಿನ ನಾಲ್ಕು ಮೆಟ್ಟಿಲು

ಹೃದಯಶೂಲೆ ಎಂದು ತಿಳಿದ ಮೇಲೆ ಅದು ಎಷ್ಟು ಮುಂದುವರಿದಿದೆ ಎಂದು ಅಳೆಯಬೇಕು. ಇದಕ್ಕೆ ಕೆನಡಾದ ಹೃದ್ರೋಗ ತಜ್ಞ ಲೂಸಿಯನ್ ಕಾಂಪೋ ಅವರು 1976ರಲ್ಲಿ ಪ್ರಕಟಿಸಿದ ನಾಲ್ಕು ಮೆಟ್ಟಿಲಿನ ಅಳತೆಯನ್ನು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಅದನ್ನು ನಮ್ಮ ಮನೆಗೆಲಸದ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ.

ಮೊದಲನೆಯ ಮೆಟ್ಟಿಲು: ದಿನದ ಕೆಲಸಕ್ಕೆ, ನಡೆದಾಟಕ್ಕೆ, ಮೆಟ್ಟಿಲು ಹತ್ತುವುದಕ್ಕೆ ನೋವಿಲ್ಲ. ಅತಿಯಾದ, ಅವಸರದ, ಇಲ್ಲವೇ ಬಹಳ ಹೊತ್ತಿನ ಶ್ರಮಕ್ಕೆ ಮಾತ್ರ ಬರುತ್ತದೆ. ತೀರ್ಥರಾಮೇಶ್ವರದ ಗುಡ್ಡವನ್ನು ಬಿರಬಿರನೆ ಹತ್ತಿದಾಗ, ಮದುವೆ ಮನೆಯ ದೊಡ್ಡ ಪಾತ್ರೆಗಳನ್ನು ಎತ್ತಿಳಿಸಿದಾಗ ಬಂದಂತೆ.

ಎರಡನೆಯ ಮೆಟ್ಟಿಲು: ದಿನದ ಕೆಲಸಕ್ಕೆ ಸ್ವಲ್ಪ ಅಡ್ಡಿ. ಬೇಗ ಬೇಗ ನಡೆದರೆ, ಮಹಡಿಯ ಮೆಟ್ಟಿಲನ್ನು ಸರಸರನೆ ಹತ್ತಿದರೆ, ಉಂಡ ಕೂಡಲೇ ನಡೆದರೆ, ಚಳಿಯಲ್ಲಿ, ಎದ್ದ ಹೊಸತರಲ್ಲಿ, ಸಿಟ್ಟು ಬಂದಾಗ ನೋವು. ಸಾಮಾನ್ಯ ವೇಗದಲ್ಲಿ ಹೋದರೂ ಸಮದಾರಿಯಲ್ಲಿ ಇನ್ನೂರು ಮೀಟರಿಗಿಂತ ಹೆಚ್ಚು ನಡೆದಾಗ, ಒಂದು ಮಹಡಿಗಿಂತ ಹೆಚ್ಚು ಹತ್ತಿದಾಗ ಬರುತ್ತದೆ. ಸಂತೆಯಿಂದ ಚೀಲ ಹೊತ್ತು ಬರುವಾಗ ನಡುವೆ ಒಮ್ಮೆ ನಿಲ್ಲಬೇಕಾಗುತ್ತದೆ.

ಮೂರನೆಯ ಮೆಟ್ಟಿಲು: ಬಹಳ ಅಡ್ಡಿ. ಸಮದಾರಿಯಲ್ಲಿ ನೂರು ಇನ್ನೂರು ಮೀಟರಿಗೇ ನೋವು. ಸಾಮಾನ್ಯ ವೇಗದಲ್ಲಿ ಒಂದೇ ಮಹಡಿ ಹತ್ತಿದರೂ ನೋವು. ಹಪ್ಪಳ ಒಣಹಾಕಲು ತಾರಸಿಗೆ ಹೋಗುವುದೇ ಬೇಡ ಎನಿಸುತ್ತದೆ.

ನಾಲ್ಕನೆಯ ಮೆಟ್ಟಿಲು: ಯಾವ ಕೆಲಸಕ್ಕೂ ನೋವು. ಸ್ನಾನ ಮಾಡಿ ಸೀರೆ ಉಟ್ಟರೂ ನೋವು. ಸುಮ್ಮನೆ ಕೂತಿದ್ದಾಗಲೂ ಬರಬಹುದು.

ಈ ಅಳತೆಯಲ್ಲಿ ನಮಗೆ ಒಂದು ಮೋಸವಿದೆ. ಹೆಂಗಸರು ನೋವಿಗೆ ತಕ್ಕಂತೆ ಕೆಲಸವನ್ನೇ ಕಡಿಮೆ ಮಾಡಿಕೊಂಡು ‘ಈಗ ನೋವೇ ಇಲ್ಲ’ ಎನ್ನುತ್ತೇವೆ! ನನ್ನ ಸೋದರತ್ತೆಯೊಬ್ಬರ ಕತೆ ಹೀಗೆಯೇ ಆಯಿತು. ಹೊನ್ನಾಳಿ ಕಡೆಯ ಹಳ್ಳಿ ಅವರದು. ದಿನಾ ಮಧ್ಯಾಹ್ನ ತೋಟಕ್ಕೆ ಬುತ್ತಿ ಒಯ್ಯುತ್ತಿದ್ದರು. ದಾರಿಯ ಕೊನೆಯ ಏರಿನಲ್ಲಿ ಒಂದು ಹುಣಸೆಮರ. ಅಲ್ಲಿ ಕೂತು ಎದೆ ನೀವಿಕೊಂಡು, ಎದ್ದು ಹೋಗುವುದು ಅವರ ಪದ್ಧತಿಯಾಗಿತ್ತು. ಯಾರಾದರೂ ಕೇಳಿದರೆ ‘ಏನಿಲ್ಲ ಬಿಡವ್ವ, ಒಂದು ಗಳಿಗೆ ಕುಂತ್ರೆ ಸರಿ ಹೋಗ್ತತಿ’ ಎನ್ನುತ್ತಿದ್ದರು. ಒಂದೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಹುಣಸೆಮರಕ್ಕಿಂತ ಮೊದಲು ಬರುವ ಮೋರಿಯ ಕಟ್ಟೆಯ ಮೇಲೂ ಕೂರತೊಡಗಿದರು. ಕೊನೆಗೆ ಬುತ್ತಿಯನ್ನು ಮೊಮ್ಮಗನ ಕೈಲಿ ಕಳಿಸತೊಡಗಿದರು. ‘ಈಗ ಆರಾಮದೀನಿ, ನೋವೇ ಇಲ್ಲ’ ಎಂದು ಹೇಳಿಕೊಂಡರು.

ಇದನ್ನು ಗಮನಿಸಿದವಳು ಅವರ ಸೊಸೆ. ಒಂದು ದಿನ ಬೆಳಿಗ್ಗೆ ಹಿತ್ತಲಿನಿಂದ ಕೊಟ್ಟಿಗೆಯವರೆಗೆ ನಡೆದು ಬಂದು ಅತ್ತೆ ಕಂಬ ಹಿಡಿದು ನಿಂತದ್ದನ್ನು ನೋಡಿದಳು. ‘ಅತ್ತಿ, ನೀವು ಮೊದ್ಲು ಹುಣಸೆಮರದ ತಾವ ಕುಂತಿದ್ರಿ, ಆಮೇಲೆ ಮೋರಿ ತಾವ, ಈಗ ಕೊಟ್ಟಿಗೆ ತಾವ ನಿಲ್ತೀರಿ. ನೋವು ಮನೀಗೇ ಬಂತಲ್ಲ’ ಎಂದಳಂತೆ. ಅದೇ ಮಾತನ್ನು ಡಾಕ್ಟರ ಮುಂದೆಯೂ ಹೇಳಿದಳು. ನಾಲ್ಕು ಮೆಟ್ಟಿಲಿನ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ, ಆದರೆ ಅವಳು ಹೇಳಿದ್ದು ಅದನ್ನೇ. ಡಾಕ್ಟರು ಅವತ್ತೇ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಒಂದು ನಾಳಕ್ಕೆ ಸ್ಟೆಂಟ್ ಹಾಕಿದರು, ಮಾತ್ರೆ ಬರೆದುಕೊಟ್ಟರು. ಈಗ ಸೋದರತ್ತೆ ಹುಣಸೆಮರದವರೆಗೂ ಕೂರದೆ ಹೋಗಿಬರುತ್ತಾರೆ.

ನೋವಿನ ನಡತೆ ಬದಲಾದರೆ ತಡ ಮಾಡಬೇಡಿ

ಸ್ಥಿರವಾದ ಹೃದಯಶೂಲೆ ಎಂದರೆ ಹೃದಯಾಘಾತವಲ್ಲ. ನಾಳ ಕಿರಿದಾಗಿದೆ, ಮುಚ್ಚಿಲ್ಲ. ಆದರೆ ಒಳಗಿನ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಒಮ್ಮೆಲೇ ಮುಚ್ಚಿಕೊಂಡು ಹೃದಯದ ಮಾಂಸ ಸಾಯತೊಡಗುತ್ತದೆ. ಅದು ಹೃದಯಾಘಾತ. ಅದಕ್ಕೆ ಮೊದಲು ಎಷ್ಟೋ ಸಲ ನೋವಿನ ನಡತೆ ಬದಲಾಗುತ್ತದೆ. ಈ ಕೆಳಗಿನ ಯಾವುದು ಕಂಡರೂ ನಾಳೆಗೆ ಇಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ:

• ಹೊಸದಾಗಿ ಶುರುವಾದ ಎದೆಭಾರ, ಅದೂ ಸ್ವಲ್ಪ ಕೆಲಸಕ್ಕೇ ಬರುವುದು.

• ವಾರಕ್ಕೊಮ್ಮೆ ಬರುತ್ತಿದ್ದದ್ದು ದಿನಾ ಬರತೊಡಗುವುದು.

• ಮೊದಲಿಗಿಂತ ಕಡಿಮೆ ಕೆಲಸಕ್ಕೆ ಬರುವುದು, ಹೆಚ್ಚು ಹೊತ್ತು ಇರುವುದು.

• ಕೂತಿದ್ದಾಗ, ಮಲಗಿದ್ದಾಗ ಬರುವುದು, ನಿದ್ದೆಯಿಂದ ಎಬ್ಬಿಸುವುದು.

ಇನ್ನು ನೋವು ಬಂದಿರುವಾಗಲೇ ಐದು ನಿಮಿಷ ಕೂತರೂ ಇಳಿಯದಿದ್ದರೆ, ಬೆವರು, ವಾಂತಿ, ಏದುಸಿರು, ಕಣ್ಣು ಕತ್ತಲೆ ಜೊತೆಗೂಡಿದರೆ, ತಕ್ಷಣ 108ಕ್ಕೆ ಫೋನು ಮಾಡಿ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಶುರುವಾದ ಈ ಆಂಬುಲೆನ್ಸಿಗೆ ಹಣ ಕೊಡಬೇಕಿಲ್ಲ. ರೋಗಿಯನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಯಜಮಾನರು ಬರಲಿ, ಮಗ ಬರಲಿ ಎಂದು ಕಾಯಬೇಡಿ.

‘ದೊಡ್ಡ ಊರಿಗೆ ಹೋಗುವಷ್ಟರಲ್ಲಿ ಏನಾದೀತೋ’ ಎಂಬ ಭಯ ನಮ್ಮಂಥ ಸಣ್ಣ ಊರಿನವರಿಗೆ ಸಹಜ. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದೆ, ಜಿಲ್ಲೆ ದಾವಣಗೆರೆ. ಆದರೆ ದೊಡ್ಡ ಆಸ್ಪತ್ರೆಗೆಂದರೆ ಹತ್ತಿರದ ಶಿವಮೊಗ್ಗದ ಮೆಗ್ಗಾನ್ ಕಡೆಗೇ ಜನ ಹೋಗುವುದು. ಈ ದೂರದ ತೊಂದರೆಗೆಂದೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಎಂಬ ಯೋಜನೆ ತಂದಿತು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಈಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹೃದಯಾಘಾತವೆಂದು ತಿಳಿದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುವ ಏರ್ಪಾಡು ಅದು. ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವಂತಾಗಬಾರದು.

ಡಾಕ್ಟರ ಬಳಿ ಹೋಗುವಾಗ

ಡಾಕ್ಟರ ಎದುರು ಕೂತೊಡನೆ ನಮಗೆ ಮಾತೇ ಮರೆತುಹೋಗುತ್ತದೆ. ಎಷ್ಟೋ ಸಲ ನಮ್ಮ ಪರವಾಗಿ ಯಜಮಾನರೇ ಮಾತಾಡಿಬಿಡುತ್ತಾರೆ. ಆದ್ದರಿಂದ ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಹದಿನೈದು ದಿನ ಹೀಗೆ ಬರೆದಿಡಿ: ತಾರೀಖು, ಯಾವ ಕೆಲಸ ಮಾಡುವಾಗ ಬಂತು, ಎಲ್ಲಿ ಬಂತು, ಎತ್ತ ಹರಿಯಿತು, ಎಷ್ಟು ನಿಮಿಷ ಇತ್ತು, ಏನು ಮಾಡಿದ ಮೇಲೆ ಹೋಯಿತು. ಜೊತೆಗೆ, ನೋವಿನ ಹೆದರಿಕೆಯಿಂದ ಯಾವ ಯಾವ ಕೆಲಸ ಬಿಟ್ಟಿದ್ದೀರಿ ಎಂಬುದನ್ನೂ ಬರೆಯಿರಿ. ಆದರೆ ಮೇಲೆ ಹೇಳಿದ ಬದಲಾವಣೆ ಕಂಡರೆ ಹದಿನೈದು ದಿನ ಕಾಯಬೇಡಿ.

ಈಸಿಜಿ ತೆಗೆದು ‘ನಾರ್ಮಲ್’ ಎಂದರೆ ನಿಟ್ಟುಸಿರು ಬಿಟ್ಟು ಬಂದುಬಿಡುತ್ತೇವೆ. ನೋವಿಲ್ಲದಾಗ, ಮಲಗಿಸಿ ತೆಗೆದ ಈಸಿಜಿ ಹೃದಯಶೂಲೆ ಇರುವ ಎಷ್ಟೋ ಜನರಲ್ಲಿ ಸರಿಯಾಗಿಯೇ ಇರುತ್ತದೆ. ಮಳೆಗಾಲದಲ್ಲಿ ನಾಲೆ ನೋಡಿ ಬಂದ ಹಾಗೆ! ಆದ್ದರಿಂದ ‘ಕೆಲಸ ಮಾಡುವಾಗ ಮಾತ್ರ ಬರುತ್ತದೆ ಡಾಕ್ಟ್ರೇ’ ಎಂದು ಬಿಡದೆ ಹೇಳಿ. ಆಗ ಅವರು ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ, ಎಕೋ, ಬೇಕಾದರೆ ಸಿ.ಟಿ. ಅಥವಾ ಆಂಜಿಯೋಗ್ರಾಂ ಮಾಡಿಸಲು ಹೇಳಬಹುದು. ಸಕ್ಕರೆ, ಕೊಬ್ಬು, ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಬೇಕು.

ಆಪರೇಷನ್ ಎಂದರೆ ತೋಟ ಮಾರಬೇಕಾದೀತೆಂದು ಹೆದರಿ ಹೋಗದಿರುವವರೂ ಇದ್ದಾರೆ. ಸ್ಥಿರವಾದ ಹೃದಯಶೂಲೆಯಲ್ಲಿ ಎಲ್ಲರಿಗೂ ಸ್ಟೆಂಟ್ ಬೇಕಿಲ್ಲ. ಹಲವು ದೇಶಗಳಲ್ಲಿ ನಡೆಸಿ 2019ರಲ್ಲಿ ಫಲಿತಾಂಶ ಹೊರಬಂದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಬಹುತೇಕ ರೋಗಿಗಳಿಗೆ ಮೊದಲು ಒಳ್ಳೆಯ ಔಷಧೋಪಚಾರ ಮಾಡಿ ನೋಡುವುದರಿಂದ ಪ್ರಾಣಕ್ಕೆ ಹೆಚ್ಚಿನ ಅಪಾಯವಿಲ್ಲ ಎಂದು ಕಂಡುಬಂತು. ನೋವು ಕಡಿಮೆ ಮಾಡುವುದರಲ್ಲಿ ಸ್ಟೆಂಟ್, ಬೈಪಾಸ್ ಹೆಚ್ಚು ಉಪಯೋಗವಾದವು. ಯಾರಿಗೆ ಯಾವುದು ಎಂಬುದನ್ನು ತಜ್ಞರೇ ಹೇಳಬೇಕು. ಸ್ಟೆಂಟಿನ ಬೆಲೆಗೂ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಮಿತಿ ಹಾಕಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಮರೆಯದೆ ಒಯ್ಯಿರಿ. ಬಡ ಕುಟುಂಬಗಳಿಗೆ ಸರ್ಕಾರದ ಆರೋಗ್ಯ ಯೋಜನೆಯ ನೆರವಿದೆ.

ನಾಲಿಗೆಯ ಕೆಳಗಿನ ಮಾತ್ರೆ

ಬಾವಿ ತೋಡುವಾಗ ಬಂಡೆ ಸಿಡಿಸುವ ಡೈನಮೈಟ್ ಗೊತ್ತಲ್ಲ? ಅದರೊಳಗಿದ್ದ ನೈಟ್ರೋಗ್ಲಿಸರಿನ್ ಎಂಬುದೇ ಅತಿ ಸಣ್ಣ ಪ್ರಮಾಣದಲ್ಲಿ ಹೃದಯಶೂಲೆಗೆ ಮದ್ದು! ಇಂಗ್ಲೆಂಡಿನ ವಿಲಿಯಂ ಮರೆಲ್ ಎಂಬ ವೈದ್ಯರು 1879ರಲ್ಲಿ ಇದನ್ನು ತೋರಿಸಿಕೊಟ್ಟರು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಅವರಿಗೇ ಕೊನೆಗಾಲದಲ್ಲಿ ಎದೆನೋವಿಗೆ ಡಾಕ್ಟರು ಇದನ್ನೇ ಬರೆದುಕೊಟ್ಟರಂತೆ. ನಮ್ಮಲ್ಲಿ ಹೆಚ್ಚಾಗಿ ಕೊಡುವ ಸಾರ್ಬಿಟ್ರೇಟ್ ಮಾತ್ರೆ ಅದೇ ವಂಶದ್ದು. ರಕ್ತನಾಳವನ್ನು ಸಡಿಲಿಸಿ ಹೃದಯದ ಭಾರ ಇಳಿಸುತ್ತದೆ.

ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ ಇದನ್ನು ಬಳಸಬೇಕು. ನೋವು ಬಂದೊಡನೆ ಕೂತುಕೊಳ್ಳಿ, ಆಮೇಲೆ ಮಾತ್ರೆಯನ್ನು ನಾಲಿಗೆಯ ಕೆಳಗಿಡಿ. ನಿಂತೇ ಇಟ್ಟುಕೊಂಡರೆ ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳಬಹುದು. ತಲೆ ಸಿಡಿದಂತೆ ಆದರೆ ಹೆದರಬೇಡಿ, ಅದು ಮದ್ದಿನ ಗುಣ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108. ಮಾತ್ರೆಯನ್ನು ಬೀರುವಿನಲ್ಲಿ ಬೀಗ ಹಾಕಿಡಬೇಡಿ, ತೋಟಕ್ಕೆ, ಸಂತೆಗೆ, ಜಾತ್ರೆಗೆ ಹೋಗುವಾಗ ಸೊಂಟದ ಎಲೆಚೀಲದಲ್ಲೋ ಪರ್ಸಿನಲ್ಲೋ ಜೊತೆಗಿರಲಿ. ಅವಧಿ ಮುಗಿದಿದೆಯೇ ಎಂದು ಆಗಾಗ ನೋಡಿ. ಗಂಡಸರ ಶಕ್ತಿಗೆಂದು ತೆಗೆದುಕೊಳ್ಳುವ ಕೆಲವು ಮಾತ್ರೆಗಳ ಜೊತೆ ಇದು ಸೇರಿದರೆ ಪ್ರಾಣಾಪಾಯ. ಮನೆಯ ಗಂಡಸರಿಗೆ ಈ ಮಾತ್ರೆ ಬರೆದಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಅದನ್ನು ಹೇಳಬೇಕು. ದಿನದ ಮಾತ್ರೆಗಳನ್ನು ‘ಈಗ ಆರಾಮಾಗಿದ್ದೀನಲ್ಲ’ ಎಂದು ನಾವಾಗಿಯೇ ನಿಲ್ಲಿಸಬಾರದು.

ನಮ್ಮ ಕೈಯಲ್ಲೇ ಇರುವುದು

ಎಲೆ–ಅಡಿಕೆಯ ಜೊತೆಗಿನ ಹೊಗೆಸೊಪ್ಪು ಮೊದಲು ಬಿಡಬೇಕು. ಬೀಡಿ ಸೇದುವ ಯಜಮಾನರು ಮನೆಯೊಳಗೆ ಬಿಡುವ ಹೊಗೆಯೂ ನಮ್ಮ ಹೃದಯಕ್ಕೆ ಕೇಡು, ಸೌದೆ ಒಲೆಯ ಹೊಗೆಯೂ ಅಷ್ಟೇ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚಕ್ಕಿಂತ, ಅಂದರೆ 5 ಗ್ರಾಂಗಿಂತ, ಕಡಿಮೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಮೆಣಸಿನಕಾಯಿ ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಮಂಡಕ್ಕಿ ಇರಲಿ, ಬಜ್ಜಿ ಅಪರೂಪಕ್ಕೆ ಇರಲಿ. ರಾಗಿ, ಜೋಳದ ರೊಟ್ಟಿ, ಸೊಪ್ಪು, ಕಾಳಿನ ಪಲ್ಯ ನಮ್ಮ ಕಡೆಯ ಊಟವೇ, ಅದನ್ನು ಬಿಟ್ಟು ಬೇರೆ ಪಥ್ಯ ಹುಡುಕಬೇಕಿಲ್ಲ.

ಹೃದಯಶೂಲೆ ಇದ್ದವರು ಹಾಸಿಗೆ ಹಿಡಿಯಬೇಕಿಲ್ಲ. ಹೆಬರ್ಡನ್ ಅವರ ರೋಗಿಯೊಬ್ಬ ದಿನಾ ಅರ್ಧ ಗಂಟೆ ಮರ ಕೊಯ್ಯುವುದನ್ನು ನೇಮ ಮಾಡಿಕೊಂಡು ಬಹುಮಟ್ಟಿಗೆ ಗುಣವಾದನೆಂದು ಅವರೇ ಬರೆದಿದ್ದಾರೆ. ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟು ದಿನಾ ನಡೆಯಿರಿ. ಮೊದಲು ನಿಧಾನ, ಆಮೇಲೆ ಸ್ವಲ್ಪ ಬಿರುಸು; ಉಂಡ ಕೂಡಲೇ ಬೇಡ, ಮುಂಜಾನೆಯ ಕೊರೆವ ಚಳಿಯಲ್ಲಿ ಬೇಡ.

ಕೊನೆಯದಾಗಿ ಒಂದು ಮಾತು. ಈ ಲೇಖನ ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳನ್ನು, ಅಮ್ಮನೋ, ಅತ್ತೆಯೋ, ಅಕ್ಕನೋ, ಒಮ್ಮೆ ಕೇಳಿ. ‘ಎದೆನೋವು ಇದೆಯಾ’ ಎಂದು ಕೇಳಬೇಡಿ, ‘ಇಲ್ಲ’ ಎಂದೇ ಹೇಳುತ್ತಾರೆ. ‘ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ? ದಾರಿಯಲ್ಲಿ ಎಲ್ಲಿ ಕೂರುತ್ತೀರಿ?’ ಎಂದು ಕೇಳಿ. ಉತ್ತರ ಹೇಳುವವರೆಗೂ ಪಕ್ಕದಲ್ಲೇ ಕೂತಿರಿ. ಅವರನ್ನು ಕೇಳಿದ ಮೇಲೆ ಅದೇ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ.